ಒಂಟಿಮನೆಯ ಒಡವೆ ಮತ್ತು ವಿಮೆ

1791ನೆಯ ಇಸವಿಯಲ್ಲಿ, ಮೂರನೆಯ ಮೈಸೂರು ಯುದ್ಧ ನಡೆಯುತ್ತಿದ್ದ ಕಾಲಕ್ಕೆ, ಪರಶುರಾಮ ಭಾವುವಿನ ಮರಾಠಾ ದಂಡಿನ ಬೆನ್ನಿಗೆ ಬಂದ ಪಿಂಡಾರಿಗಳು ಶೃಂಗೇರಿಯ ಮೇಲೆ ಬಿದ್ದು, ಮಠದ ಒಡವೆ ವಸ್ತುಗಳನ್ನೆಲ್ಲ ದೋಚಿ, ಶಾರದಾಂಬೆಯ ವಿಗ್ರಹವನ್ನೂ ಪೀಠದಿಂದ ಕದಲಿಸಿದಾಗ, ಅಂದಿನ ಜಗದ್ಗುರುಗಳಾಗಿದ್ದ ಸಚ್ಚಿದಾನಂದ ಭಾರತಿಗಳು ಕ್ಷೇತ್ರವನ್ನು ಬಿಟ್ಟು ಕಾರ್ಕಳಕ್ಕೆ ತೆರಳಬೇಕಾಯಿತು. ಆದ ಹಾನಿಯನ್ನು ಅವರು ನಿವೇದಿಸಿಕೊಂಡದ್ದು ನಾಡನ್ನಾಳುತ್ತಿದ್ದ ಟಿಪ್ಪು ಸುಲ್ತಾನನಲ್ಲಿ. ಅವನು ಕನ್ನಡದಲ್ಲಿ ಬರೆಯಿಸಿ ಕಳುಹಿದ ಪತ್ರಗಳನ್ನು 1916ರಲ್ಲಿ ಮೈಸೂರು ಪ್ರಾಕ್ತನ ಶಾಸ್ತ್ರ ಇಲಾಖೆಯ ನಿರ್ದೇಶಕರಾದ ಆರ್. ನರಸಿಂಹಾಚಾರ್ಯರು ಮಠದಲ್ಲಿ ಕಂಡು ಬೆಳಕಿಗೆ ತಂದರು. ವಿಗ್ರಹದ ಪುನಃಪ್ರತಿಷ್ಠೆಗಾಗಿ ನಗರ ಪ್ರಾಂತದ ಅಧಿಕಾರಿಯಾದ ಆಸಫನ ಮೂಲಕ ಇನ್ನೂರು ರಾಹತಿ ನಾಣ್ಯಗಳ ನಗದನ್ನೂ ಬೇಕಾದ ಇತರ ಸಾಮಗ್ರಿಗಳನ್ನೂ ಒದಗಿಸತಕ್ಕದ್ದೆಂಬ ಆಜ್ಞೆ ಆ ಪತ್ರಗಳಲ್ಲಿ ಉಂಟು. ಈ ಪ್ರಸಂಗವನ್ನು ಇತಿಹಾಸಕಾರರು ಬೇರೆ ಬೇರೆ ಕಾರಣಗಳಿಗಾಗಿ ಚರ್ಚಿಸಿದ್ದಾರೆ. ನನಗೆ ಇಲ್ಲಿ ಪ್ರಕೃತವಾದುದು ಒಂದೇ ಅಂಶ: ಕಳೆದುಹೋದ ಒಡವೆಯ ಭಾರವನ್ನು ಹೊರುವವನು ಯಾರು?

ಇದಕ್ಕೆ ನಮ್ಮ ಹಳೆಯ ಧರ್ಮಶಾಸ್ತ್ರದಲ್ಲಿ ಸ್ಪಷ್ಟವಾದ ಉತ್ತರವಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ನಮ್ಮ ನಾಡಿನಲ್ಲಿಯೇ ಕುಳಿತು, ವಿಜ್ಞಾನೇಶ್ವರನು ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವನ್ನು ನೋಡಿದರೆ, ಕಳ್ಳರು ಅಪಹರಿಸಿದ ದ್ರವ್ಯವನ್ನು ಪ್ರಜೆಗೆ ತುಂಬಿಕೊಡುವುದು ಅರಸನ ಕರ್ತವ್ಯವೆಂದೂ, ಕಳವು ಗ್ರಾಮದ ಎಲ್ಲೆಯೊಳಗೆ ನಡೆದಿದ್ದರೆ, ಕಳ್ಳನ ಹೆಜ್ಜೆಯ ಗುರುತು ಹೊರಗೆ ಹೋದಂತೆ ಕಾಣದಿದ್ದರೆ, ಆ ಗ್ರಾಮವೇ ಹೊಣೆಯೆಂದೂ ವಿಧಿಸಿರುವುದು ತಿಳಿಯುತ್ತದೆ. ಅದೇ ಅಧ್ಯಾಯವು, ಇಟ್ಟುಕೊಳ್ಳಲು ಒಬ್ಬನ ಕೈಗೆ ಒಪ್ಪಿಸಿದ ವಸ್ತುವು ಅರಸನಿಂದಲೋ ದೈವದಿಂದಲೋ ಕಳ್ಳರಿಂದಲೋ ನಷ್ಟವಾದರೆ ಆ ಇಟ್ಟುಕೊಂಡವನು ಅದನ್ನು ಕೊಡಬೇಕಾದುದಿಲ್ಲವೆಂದು ಹೇಳುತ್ತದೆ. ಸಾಲ ಪಡೆದು ಅರಣ್ಯಮಾರ್ಗವಾಗಿ ಹೋಗುವ ವರ್ತಕನಿಗೆ ನೂರಕ್ಕೆ ಹತ್ತರಂತೆಯೂ ಸಮುದ್ರದ ಮೇಲೆ ಹೋಗುವವನಿಗೆ ನೂರಕ್ಕೆ ಇಪ್ಪತ್ತರಂತೆಯೂ ಬಡ್ಡಿಯನ್ನು ನಿಗದಿ ಮಾಡುತ್ತದೆ. ಅಪಾಯ ಹೆಚ್ಚಿದಂತೆ ಅದನ್ನು ಹೊರುವವನ ಪ್ರತಿಫಲವೂ ಹೆಚ್ಚಬೇಕೆಂಬ, ಇಂದಿನ ವಿಮೆಯ ಮೂಲದಲ್ಲಿರುವ ನ್ಯಾಯವು ಅಂದಿಗೇ ನಮಗೆ ತಿಳಿದಿತ್ತು.

ಇಂದು ಸರಕಾರವು ಕಳ್ಳನನ್ನು ಹಿಡಿಯುತ್ತದೆ, ದಂಡಿಸುತ್ತದೆ. ಸಿಕ್ಕ ಮಾಲನ್ನು ಹಿಂದಿರುಗಿಸುತ್ತದೆ. ಸಿಗದ ಮಾಲಿನ ಬೆಲೆಯನ್ನು ಬೊಕ್ಕಸದಿಂದ ಕೊಡುವುದಿಲ್ಲ. ಊರಂತೂ ಕೊಡುವುದೇ ಇಲ್ಲ. ಆ ಸ್ಥಾನದಲ್ಲಿ ವಿಮಾ ಕಂಪನಿ ನಿಂತಿದೆ. ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ 1891ರಷ್ಟು ಹಿಂದೆಯೇ ಜೀವವಿಮೆಯನ್ನು ಆರಂಭಿಸಿತಾದುದರಿಂದ ಪ್ರಾಣಕ್ಕೆ ವಿಮೆ ಮಾಡಿಸುವುದು ನಮ್ಮವರಿಗೆ ಅಪರಿಚಿತವಲ್ಲ. ವಾಹನಕ್ಕೆ ಕಾನೂನಿನ ಒತ್ತಾಯದಿಂದ ಮಾಡಿಸುತ್ತೇವೆ. ಆದರೆ ಮನೆಯಲ್ಲಿರುವ ಅತ್ಯಂತ ಬೆಲೆಬಾಳುವ ಚರಸ್ವತ್ತಿಗೆ, ಅಂದರೆ ಹೆಣ್ಣುಮಕ್ಕಳ ಮೈಮೇಲಿನ ಮತ್ತು ಕಪಾಟಿನೊಳಗಿನ ಒಡವೆಗೆ, ವಿಮೆಯುಂಟೆಂಬುದನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಎಷ್ಟು ಮನೆಗಳವರು ಆಲೋಚಿಸಿದ್ದಾರು? ಆಲೋಚಿಸಿ ಮಾಡಿಸಿದವರಲ್ಲಿಯಾದರೂ ತಮ್ಮ ಮನೆಗೆ ಒಪ್ಪುವ ಪಾಲಿಸಿಯನ್ನು ಆರಿಸಿಕೊಂಡವರು ಕಡಮೆ. ವಿಮೆಯ ಕರಾರುಗಳೆಲ್ಲ ಪಟ್ಟಣದ ಬೀಗ ಹಾಕಿದ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು. ನಮ್ಮವು ತೋಟದ ಒಂಟಿಮನೆಗಳು. ಈ ಅಂತರವನ್ನು ತಿಳಿಯದೆ ಕಂತು ಕಟ್ಟಿದವರು ನಷ್ಟದ ದಿನ ಎರಡನೆಯ ಬಾರಿ ನಷ್ಟಕ್ಕೆ ಒಳಗಾಗುತ್ತಾರೆ. ಅದು ನನಗೆ ಬಹಳ ನೋವಿನ ವಿಷಯ. ಈ ಲೇಖನಕ್ಕೆ ಅದೇ ಕಾರಣ.

ಮಲೆನಾಡಿನ ಮನೆಯ ಸ್ಥಿತಿ ಎಂಥದು? ಬಸ್ಸು ನಿಲ್ಲುವ ರಸ್ತೆಯಿಂದ ಇಳಿದು, ಗದ್ದೆಯ ಅಂಚು ದಾಟಿ, ಅಡಕೆ ತೋಟದ ನಡುವೆ ಹೋದರೆ ಒಂದು ಮನೆ. ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಂದು ಇದ್ದರೂ ಇತ್ತು, ಇಲ್ಲದಿದ್ದರೂ ಇಲ್ಲ. ಮಕ್ಕಳು ಬೆಂಗಳೂರಿನಲ್ಲಿಯೋ ಸಮುದ್ರದಾಚೆಗೋ ನೆಲಸಿದ್ದಾರೆ. ವಯಸ್ಸಾದ ದಂಪತಿಗಳಿಬ್ಬರೇ ಮನೆಯಲ್ಲಿ. ಕೊಯ್ಲಿನ ಕಾಲಕ್ಕೆ ಅಂಗಳದಲ್ಲಿ ಹತ್ತಾರು ಜನ ಓಡಾಡುತ್ತಾರೆ. ಆಷಾಢದ ಮಳೆಯಲ್ಲಿ ವಾರಗಟ್ಟಲೆ ಯಾರೂ ಬರುವುದಿಲ್ಲ, ವಿದ್ಯುತ್ತೂ ಇರುವುದಿಲ್ಲ. ಮುಂಬಾಗಿಲು ಬೆಳಗ್ಗೆ ತೆರೆದರೆ ರಾತ್ರಿ ಮಲಗುವ ತನಕ ತೆರೆದೇ ಇರುತ್ತದೆ. ಯಜಮಾನರು ತೋಟಕ್ಕೆ ಇಳಿದಾಗ, ಮನೆಯಾಕೆ ಕೊಟ್ಟಿಗೆಗೆ ಹೋದಾಗ, ಬಾಗಿಲಿಗೆ ಬೀಗ ಹಾಕುವ ಪದ್ಧತಿಯೇ ಇಲ್ಲ. ಬಂದವರು ಜಗಲಿಯ ಮೇಲೆ ಕುಳಿತು ಕಾಯುತ್ತಾರೆಂಬ ವಿಶ್ವಾಸದ ಮೇಲೆ ಆ ಸಂಸಾರಗಳು ನಡೆದುಬಂದಿವೆ.

ಈಗ ಕನ್ನಗಳವಿನ ವಿಮೆಯ ಕರಾರನ್ನು ತೆಗೆದು ಓದಿ ನೋಡಿ. ಬಲಪ್ರಯೋಗದಿಂದ, ಎಂದರೆ ಬಾಗಿಲು ಮುರಿದೋ ಹೆಂಚು ತೆಗೆದೋ ಬೀಗ ಒಡೆದೋ ಒಳನುಗ್ಗಿ, ಅಥವಾ ಮನೆಯವರನ್ನು ಹೆದರಿಸಿ ಹೊಡೆದು ಕದ್ದೊಯ್ದರೆ ಮಾತ್ರ ಪರಿಹಾರವೆಂಬ ಷರತ್ತು ಅದರಲ್ಲಿ ಬಹುಮಟ್ಟಿಗೆ ಇದ್ದೇ ಇರುತ್ತದೆ. 2004ರಲ್ಲಿ ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಕಂಪನಿಯು ಕಕ್ಷಿಯಾಗಿದ್ದ ಹರ್‌ಚಂದ್ ರಾಯ್ ಚಂದನ್ ಲಾಲ್ ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಪಾಲಿಸಿಯಲ್ಲಿ ಬಲಪ್ರಯೋಗವು ಷರತ್ತಾಗಿರುವಾಗ ಅದು ನಡೆಯದ ಕಳವಿಗೆ ಕಂಪನಿ ಹೊಣೆಯಲ್ಲವೆಂದು ತೀರ್ಮಾನಿಸಿತು. ಆದುದರಿಂದ, ಹಗಲು ಹೊತ್ತಿನಲ್ಲಿ ತೆರೆದ ಬಾಗಿಲಿನಿಂದ ಸದ್ದಿಲ್ಲದೆ ಬಂದು, ಬೀಗದ ಕೈ ಸಿಕ್ಕಿಸಿಯೇ ಇದ್ದ ಕಪಾಟನ್ನು ತೆರೆದು, ಸರವನ್ನು ಒಯ್ದವನು ಮಾಡಿದ್ದು ಅಪರಾಧ ಕಾನೂನಿನ ಪ್ರಕಾರ ನಿಸ್ಸಂಶಯವಾಗಿ ಕಳವಾದರೂ, ಆ ಪಾಲಿಸಿಯ ಪ್ರಕಾರ ಪರಿಹಾರಕ್ಕೆ ಅರ್ಹವಲ್ಲ. ಬಂಗಾರಕ್ಕೆ ಪಾಲಿಶ್ ಮಾಡಿಕೊಡುತ್ತೇವೆಂದು ಬಂದು, ಆಮ್ಲದಲ್ಲಿ ಅದ್ದಿ, ಚಿನ್ನದ ಒಂದು ಪದರವನ್ನೇ ಕರಗಿಸಿಕೊಂಡು ಹೋಗುವವರ ಕೃತ್ಯವೂ ಹಾಗೆಯೇ. ಒಡವೆಯನ್ನು ಕೈಯಾರೆ ಕೊಟ್ಟದ್ದರಿಂದ ಅದು ವಂಚನೆಯಾಗುತ್ತದೆಯೇ ಹೊರತು ಕನ್ನಗಳವಾಗುವುದಿಲ್ಲ. ಮನೆಯವರೇ ಅಥವಾ ಆಳುಗಳೇ ಕದ್ದರೆ ಇಲ್ಲ, ಮನೆಯನ್ನು ನಿಗದಿಯಾದ ದಿನಗಳಿಗಿಂತ ಹೆಚ್ಚು ಕಾಲ ಖಾಲಿ ಬಿಟ್ಟಿದ್ದರೆ ಇಲ್ಲ ಎಂಬ ಷರತ್ತುಗಳೂ ಸಾಮಾನ್ಯ. ಮಳೆಗಾಲವನ್ನು ಮಗನ ಮನೆಯಲ್ಲಿ ಕಳೆಯಲು ಬೆಂಗಳೂರಿಗೆ ಹೋಗುವ ಹಿರಿಯರು ಈ ಕೊನೆಯದನ್ನು ವಿಶೇಷವಾಗಿ ಗಮನಿಸಬೇಕು. ತೆರೆದ ಬಾಗಿಲಿನ ಮನೆಗೆ ಬಲಪ್ರಯೋಗದ ಷರತ್ತಿಲ್ಲದ, ಸಾದಾ ಕಳವನ್ನೂ ಒಳಗೊಂಡ ಪಾಲಿಸಿಯೇ ಬೇಕು. ಅದನ್ನು ಏಜೆಂಟರ ಬಾಯಿಮಾತಿನಿಂದಲ್ಲದೆ ಕರಾರಿನ ಅಕ್ಷರದಲ್ಲಿ ಕಂಡು ಒಪ್ಪತಕ್ಕದ್ದು.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರಬೇಕೆಂದು ಗೊತ್ತುಪಡಿಸಿದ ‘ಭಾರತ್ ಗೃಹ ರಕ್ಷಾ’ ಎಂಬ ಪಾಲಿಸಿಯಿದೆ. ಬೆಂಕಿ, ಸಿಡಿಲು, ಪ್ರವಾಹ, ಭೂಕುಸಿತ, ಕಾಡ್ಗಿಚ್ಚುಗಳಿಂದಾಗುವ ಹಾನಿಯನ್ನು ಅದು ಒಳಗೊಳ್ಳುವುದರಿಂದ, ಗುಡ್ಡದ ಬುಡದಲ್ಲಿ ಮನೆ ಕಟ್ಟಿಕೊಂಡಿರುವ ನಮ್ಮವರಿಗೆ ಅದು ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಡವೆಯ ಮಟ್ಟಿಗೆ ಎರಡು ಎಚ್ಚರಿಕೆಗಳು ಬೇಕು. ಮನೆಯ ಸಾಮಾನುಗಳೆಂಬ ಸಾಮಾನ್ಯ ಬಾಬಿನಲ್ಲಿ ಆಭರಣಗಳು ಸೇರುವುದಿಲ್ಲ. ಅಮೂಲ್ಯ ವಸ್ತುಗಳೆಂಬ ಪ್ರತ್ಯೇಕ ಬಾಬನ್ನು ಕೇಳಿ, ಬೆಲೆಯನ್ನು ಮೊದಲೇ ಒಪ್ಪಿಕೊಂಡು, ಸೇರಿಸಬೇಕು. ಒಟ್ಟು 5 ಲಕ್ಷ ರೂಪಾಯಿಯ ಒಳಗಿದ್ದು ಯಾವ ಒಂದು ಒಡವೆಯೂ 1 ಲಕ್ಷವನ್ನು ಮೀರದಿದ್ದರೆ ಬೆಲೆಗಾರರ ಪ್ರಮಾಣಪತ್ರ ಬೇಡ, ಮೀರಿದರೆ ಬೇಕು. ಎರಡನೆಯದಾಗಿ, ಕಳವು ಆ ಪಾಲಿಸಿಯಲ್ಲಿ ಬರುವುದು ಬೆಂಕಿ ಪ್ರವಾಹಾದಿಗಳು ಸಂಭವಿಸಿ, ಅದರ ಪರಿಣಾಮವಾಗಿ ಏಳು ದಿನಗಳೊಳಗೆ ನಡೆದರೆ ಮಾತ್ರ. ಸುಮ್ಮನೆ ರಾತ್ರಿ ನಡೆದ ಕನ್ನಗಳವಿಗೆ ಬೇರೆಯೇ ಬಾಬು ಕೊಳ್ಳಬೇಕು. ‘ಗೃಹ ರಕ್ಷಾ’ ಎಂಬ ಹೆಸರನ್ನು ಕೇಳಿ ನಿಶ್ಚಿಂತರಾದವರು ಇದನ್ನು ಇಂದೇ ತೆಗೆದು ನೋಡುವುದು ಕ್ಷೇಮ.

ಒಡವೆಯು ಮನೆಯೊಳಗೇ ಇರುವ ವಸ್ತುವೂ ಅಲ್ಲ. ಶೃಂಗೇರಿಯಲ್ಲಿ ಮದುವೆ, ಹರಿಹರಪುರದಲ್ಲಿ ಉಪನಯನ, ಬಾಳೆಹೊನ್ನೂರಿನಲ್ಲಿ ನೆಂಟರ ಗೃಹಪ್ರವೇಶ ಎಂದು ಅದು ವರುಷದಲ್ಲಿ ಹಲವು ಸಲ ಹೊರಡುತ್ತದೆ. ಬ್ಯಾಂಕಿನಿಂದ ತಂದ ದಿನ ಮತ್ತು ಹಿಂದಿರುಗಿಸುವ ದಿನದ ನಡುವೆ ಬಸ್ಸು, ಕಾರು, ಛತ್ರದ ಕೋಣೆ, ಅಲ್ಲಿ ಸೀರೆ ಉಡುವ ಗದ್ದಲ. ಜುಮುಕಿಯ ತಿರುಪು ಸಡಿಲವಾಗಿ ಒಂದು ಎಲ್ಲಿ ಬಿತ್ತೋ ತಿಳಿಯದು. ಮನೆಯ ವಿಳಾಸಕ್ಕೆ ಕಟ್ಟಿಹಾಕಿದ ಪಾಲಿಸಿಯಿಂದ ಇಲ್ಲಿ ಪ್ರಯೋಜನವಿಲ್ಲ. ಗೃಹಸ್ಥರ ಪಾಲಿಸಿಗಳಲ್ಲಿ ‘ಆಲ್ ರಿಸ್ಕ್ಸ್’ ಎಂಬ ಭಾಗವೊಂದುಂಟು, ಅದು ದೇಶದೊಳಗೆ ಎಲ್ಲಿದ್ದರೂ ಒಡವೆಯನ್ನು ಹಿಂಬಾಲಿಸುತ್ತದೆ. ಆಕಸ್ಮಿಕವಾಗಿ ಕಳೆದದ್ದಕ್ಕೂ ಮುರಿದದ್ದಕ್ಕೂ ಅದರಲ್ಲಿ ಅವಕಾಶವಿದೆ. ಸವೆತಕ್ಕೆ, ಅಕ್ಕಸಾಲಿಗರ ಬಳಿ ದುರಸ್ತಿಯಲ್ಲಿ ಆದ ಕೆಡಕಿಗೆ, ಯಾರೂ ಇಲ್ಲದ ವಾಹನದಲ್ಲಿ ಬಿಟ್ಟುಹೋದದ್ದಕ್ಕೆ ಸಾಮಾನ್ಯವಾಗಿ ಇಲ್ಲ. ಜೋಡಿಯಲ್ಲಿ ಒಂದು ಹೋದರೆ ಒಂದರ ಬೆಲೆಯನ್ನಷ್ಟೇ ಕೊಡುತ್ತಾರೆ. ಉಳಿದ ಒಂಟಿ ಜುಮುಕಿಯಿಂದ ಏನು ಉಪಯೋಗವೆಂಬ ಪ್ರಶ್ನೆಗೆ ಕರಾರಿನಲ್ಲಿ ಉತ್ತರವಿಲ್ಲ.

ನಮ್ಮ ಅಡಕೆ, ಕಾಳುಮೆಣಸಿನ ಬೆಳೆಗಾರರಿಗೆ ಹವಾಮಾನಾಧಾರಿತ ಬೆಳೆ ವಿಮೆ ಚಿರಪರಿಚಿತ. ವಿಮಾ ಮೊತ್ತದ ಮೇಲೆ ನೂರಕ್ಕೆ ಐದರಂತೆ ರೈತನ ಪಾಲು ಕಟ್ಟಿದ ಮೇಲೆ, ಪರಿಹಾರವನ್ನು ನಿರ್ಧರಿಸುವುದು ಗ್ರಾಮ ಪಂಚಾಯಿತಿಯ ಮಳೆಮಾಪಕದ ಲೆಕ್ಕ. ತನ್ನ ತೋಟದಲ್ಲಿ ಕೊಳೆರೋಗದಿಂದ ಎಷ್ಟು ಕಾಯಿ ಉದುರಿತೆಂದು ಯಾವನೂ ಎಣಿಸಿ ತೋರಿಸಬೇಕಾದುದಿಲ್ಲ. ಆ ಅಭ್ಯಾಸದಿಂದ ಬಂದವರಿಗೆ ಒಡವೆಯ ವಿಮೆಯು ಕಠಿನವಾಗಿ ತೋರುವುದು ಸಹಜ. ಇಲ್ಲಿ ಎಲ್ಲವೂ ಪುರಾವೆ. ಇಂಥ ಒಡವೆ ಇತ್ತು, ಇಷ್ಟು ತೂಗುತ್ತಿತ್ತು, ನಮ್ಮದಾಗಿತ್ತು, ಇಂಥ ದಿನ ಇಂಥಲ್ಲಿ ಇತ್ತು ಎಂಬ ನಾಲ್ಕನ್ನೂ, ಅದನ್ನು ಎಂದೂ ಕಣ್ಣಾರೆ ಕಾಣದ, ವಿಮಾ ಕಂಪನಿ ಕಳುಹಿಸಿದ ಒಬ್ಬ ಸರ್ವೇಯರಿಗೆ, ಒಡವೆ ಇಲ್ಲವಾದ ಮೇಲೆ, ಸಿದ್ಧಪಡಿಸಿ ತೋರಿಸಬೇಕು. ಅಜ್ಜಿಯ ಕಾಲದಿಂದ ಬಂದದ್ದಕ್ಕೆ ರಸೀದಿ ಎಲ್ಲಿಂದ ತರುವುದು? ಈಚೆಗೆ ಮಾಡಿಸಿದ್ದಕ್ಕಾದರೂ ಅನೇಕರ ಬಳಿ ಇರುವುದು ಅಂಗಡಿಯ ಎಸ್ಟಿಮೇಟ್ ಚೀಟಿ. ನೂರಕ್ಕೆ ಮೂರರ ತೆರಿಗೆಯನ್ನು ಉಳಿಸಿದೆವೆಂಬ ಸಮಾಧಾನದಲ್ಲಿ ಪಕ್ಕಾ ಬಿಲ್ಲನ್ನು ಬಿಟ್ಟುಬಂದವರು ಪುರಾವೆಯನ್ನೇ ಬಿಟ್ಟುಬಂದಿದ್ದಾರೆ.

ಒಂದು ಗುಂಡಿನ ಸರವನ್ನು ತೆಗೆದುಕೊಳ್ಳಿ. ತೆಳ್ಳನೆಯ ಚಿನ್ನದ ತಗಡನ್ನು ಬಡಿದು ಎರಡು ಬಟ್ಟಲು ಮಾಡಿ, ಬೆಸೆದು, ಜಜ್ಜಿಹೋಗದಂತೆ ಒಳಗೆ ಅರಗು ತುಂಬಿ, ರೇಷ್ಮೆಯ ದಾರದಲ್ಲಿ ಪೋಣಿಸಿದ ಹಳೆಯ ಸರ. ತಕ್ಕಡಿಗೆ ಹಾಕಿದರೆ 60 ಗ್ರಾಮು ತೂಗಿತೆಂದು ಇಟ್ಟುಕೊಳ್ಳೋಣ. ಮನೆಯಲ್ಲಿ ಅದು ಏಳೂವರೆ ಸವರನ್ನಿನ ಸರವೆಂದೇ ಪ್ರಸಿದ್ಧ. ಅನುಭವಿಯಾದ ಬೆಲೆಗಾರನು ಅದನ್ನು ಕಿವಿಯ ಬಳಿ ಅಲುಗಿಸಿ, ದಾರ ತೂರುವ ತೂತಿನ ಅಂಚಿನಲ್ಲಿ ಕಂದುಬಣ್ಣದ ಅರಗನ್ನು ನೋಡಿ, ಒರೆಗಲ್ಲಿನ ಮೇಲೆ ಮೆಲ್ಲನೆ ಉಜ್ಜಿ, ಅರಗು ಮತ್ತು ದಾರದ ತೂಕವನ್ನು ಕಳೆದು, ಚಿನ್ನ 38 ಗ್ರಾಮು, ಅದೂ 916ರ ಮಟ್ಟಕ್ಕೆ ಸ್ವಲ್ಪ ಕಡಮೆ ಎನ್ನುತ್ತಾನೆ. ಮನೆಯವರ ಮುಖ ಬಾಡುತ್ತದೆ. ಆದರೆ ನಷ್ಟವಾದ ಮೇಲೆ ಕಂಪನಿಯೊಡನೆ ವಾದಿಸಿ ಸೋಲುವುದಕ್ಕಿಂತ ಒಡವೆ ಕೈಯಲ್ಲಿರುವಾಗ ಈ ನಿಜವನ್ನು ತಿಳಿಯುವುದು ಎಷ್ಟೋ ಉತ್ತಮ. ಕೆಂಪು, ಮುತ್ತು, ಹವಳಗಳ ತೂಕವನ್ನೂ ಹೀಗೆಯೇ ಕಳೆಯಬೇಕು. ಬೆಂಕಿಯಲ್ಲಿ ಚಿನ್ನ ಕರಗಿದರೂ ಗಟ್ಟಿಯಾಗಿ ಬೂದಿಯಲ್ಲಿ ಸಿಕ್ಕೀತು. ಮುತ್ತು, ಹವಳಗಳು ಸುಟ್ಟೇ ಹೋಗುವುದರಿಂದ ಅವುಗಳನ್ನು ಬೇರೆಯಾಗಿ ನಮೂದಿಸಿ ಬೆಲೆ ಕಟ್ಟಿಸಿರಬೇಕು.

ಆದುದರಿಂದ ಪ್ರತಿಯೊಂದು ಮನೆಯಲ್ಲಿಯೂ ಒಂದು ಒಡವೆ ಪುಸ್ತಕವಿರಲಿ. ಬೆಂಡೋಲೆ, ಬುಗುಡಿ, ಅವಲಕ್ಕಿ ಸರ, ಕಾಸಿನ ಸರ, ವಂಕಿ, ಡಾಬು, ಪಾಟಲಿ ಎಂದು ಒಂದೊಂದಕ್ಕೂ ಒಂದು ಪುಟ. ಒಟ್ಟು ತೂಕ, ನಿವ್ವಳ ಚಿನ್ನ, ಗುಂಡುಗಳ ಅಥವಾ ಕಲ್ಲುಗಳ ಎಣಿಕೆ, ಹಿಂದೆ ಬೆಸುಗೆ ಹಾಕಿಸಿದ ಗುರುತು, ಯಾರಿಂದ ಯಾರಿಗೆ ಬಂತು, ಯಾವಾಗ. ತಕ್ಕಡಿಯ ಮೇಲಿಟ್ಟು ಅಂಕಿ ಕಾಣುವಂತೆ ಒಂದು ಚಿತ್ರ, ಹಿಂಭಾಗದ ಒಂದು ಚಿತ್ರ, ತೊಟ್ಟುಕೊಂಡ ಒಂದು ಚಿತ್ರ. ಮದುವೆಯ ಆಲ್ಬಮ್ಮು ಇಂಥ ಸಂದರ್ಭದಲ್ಲಿ ಒಳ್ಳೆಯ ಸಾಕ್ಷಿ. 2023ರ ಏಪ್ರಿಲ್‌ನಿಂದೀಚೆಗೆ ಅಂಗಡಿಯಲ್ಲಿ ಕೊಂಡದ್ದಾದರೆ ಹಾಲ್‌ಮಾರ್ಕಿನ ಜೊತೆಗೆ ಆರು ಅಕ್ಷರಾಂಕಗಳ ಎಚ್‌ಯುಐಡಿ ಸಂಖ್ಯೆ ಕೊರೆದಿರುತ್ತದೆ. ಭೂತಕನ್ನಡಿಯಲ್ಲಿ ನೋಡಿ ಬರೆದುಕೊಳ್ಳಬೇಕು. ಹಳೆಯದನ್ನು ಕರಗಿಸಿ ಹೊಸದು ಮಾಡಿಸುವಾಗ ಕೊಟ್ಟ ಚಿನ್ನದ ತೂಕವೂ ಬಿಲ್ಲಿನಲ್ಲಿ ಬರುವಂತೆ ಕೇಳಬೇಕು, ಇಲ್ಲದಿದ್ದರೆ ಕಾಗದದ ಮೇಲೆ ಉಳಿಯುವುದು ಮಜೂರಿ ಮಾತ್ರ. ಈ ಪುಸ್ತಕದ ಒಂದು ಪ್ರತಿ ಬೇರೆ ಊರಿನಲ್ಲಿರುವ ಮಗಳ ಬಳಿಯಲ್ಲಿರಲಿ. ಕಪಾಟನ್ನು ಒಯ್ದವನು ಪುಸ್ತಕವನ್ನೂ ಒಯ್ದರೆ ಮಾಡಿದ್ದೆಲ್ಲ ವ್ಯರ್ಥ.

ಬೆಲೆಯೂ ನಿಂತ ನೀರಲ್ಲ. 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಮು ಅಪರಂಜಿಯ ಬೆಲೆ ಲಕ್ಷ ರೂಪಾಯಿಯನ್ನು ಮುಟ್ಟಿತು. ಐದು ವರ್ಷ ಹಿಂದಿನ ಬೆಲೆಯ ಎರಡರಷ್ಟಕ್ಕೂ ಅದು ಹೆಚ್ಚು. ಹಿಂದಿನ ಬೆಲೆಗೆ ಮಾಡಿಸಿದ ವಿಮೆಯನ್ನು ಹಾಗೆಯೇ ನವೀಕರಿಸುತ್ತ ಬಂದವರಿಗೆ ಏನಾಗುತ್ತದೆ? ಕನ್ನಗಳವು ಮತ್ತು ಆಲ್ ರಿಸ್ಕ್ಸ್ ಬಾಬುಗಳ ಹಲವು ಪಾಲಿಸಿಗಳಲ್ಲಿ ಪ್ರಮಾಣಾನುಸಾರದ ಷರತ್ತೊಂದು ಇರುತ್ತದೆ: 10 ಲಕ್ಷ ಬೆಲೆಯ ಒಡವೆಗೆ 5 ಲಕ್ಷದ ವಿಮೆ ಮಾಡಿಸಿದ್ದು, 2 ಲಕ್ಷದ ಒಡವೆ ಕಳುವಾದರೆ, ಸಿಗುವುದು 1 ಲಕ್ಷ. ಅರ್ಧ ವಿಮೆ ಮಾಡಿಸಿದವನು ಪ್ರತಿಯೊಂದು ನಷ್ಟದಲ್ಲಿಯೂ ಅರ್ಧ ಪಾಲುದಾರನೆಂಬುದು ಅದರ ತರ್ಕ.

ಇದಕ್ಕಿಂತ ಸೂಕ್ಷ್ಮವಾದುದು ಒಡೆತನದ ಪ್ರಶ್ನೆ. ತವರಿನಿಂದ ಬಂದ ಸ್ತ್ರೀಧನವು ಹೆಂಡತಿಯ ಪೂರ್ಣ ಸ್ವತ್ತೆಂದೂ ಗಂಡನು ಅದರ ಪಾಲಕ ಮಾತ್ರನೆಂದೂ ಸರ್ವೋಚ್ಚ ನ್ಯಾಯಾಲಯವು 1985ರ ಪ್ರತಿಭಾ ರಾಣಿ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ. ಆದರೂ ಪಾಲಿಸಿ ಯಜಮಾನನ ಹೆಸರಿನಲ್ಲಿಯೇ ಇರುವುದು ವಾಡಿಕೆ. ಅವನ ಜೊತೆ ಕಾಯಮ್ಮಾಗಿ ವಾಸಿಸುವ ಕುಟುಂಬದವರ ಒಡವೆಯನ್ನು ಕಂಪನಿಗಳು ಸಾಮಾನ್ಯವಾಗಿ ಒಪ್ಪುತ್ತವೆ. ಕಷ್ಟ ಬರುವುದು, ಮದುವೆಯಾಗಿ ಬೆಂಗಳೂರಿನಲ್ಲಿಯೋ ವಿದೇಶದಲ್ಲಿಯೋ ಇರುವ ಮಗಳು, ಬೇರೆ ಸಂಸಾರ ಹೂಡಿದ ಸೊಸೆ, ತಮ್ಮ ಒಡವೆಗಳನ್ನು ಕೊಪ್ಪದ ಹಳ್ಳಿಯ ಮನೆಯಲ್ಲಿ ಬಿಟ್ಟಿರುವಾಗ. ಅವರು ಆ ಮನೆಯ ಕಾಯಂ ವಾಸಿಗಳಲ್ಲ. ಆ ಒಡವೆ ಪಾಲಿಸಿಯೊಳಗೆ ಬರುವುದೆಂಬ ಭರವಸೆಯಿಲ್ಲ. ಅವರ ಹೆಸರನ್ನೂ ಒಡವೆಯನ್ನೂ ಬರೆಸಿ ಸೇರಿಸಬೇಕು, ಅಥವಾ ಅವರೇ ಬೇರೆ ವಿಮೆ ಮಾಡಿಸಬೇಕು. ಒಡವೆಯ ಒಡತಿಯ ಹೆಸರು ಪಾಲಿಸಿಯಲ್ಲಿರುವುದು ನ್ಯಾಯವೂ ಹೌದು, ವಿವೇಕವೂ ಹೌದು.

ಬ್ಯಾಂಕಿನ ಲಾಕರಿನಲ್ಲಿಟ್ಟರೆ ಚಿಂತೆಯಿಲ್ಲವೆನ್ನುವವರು ಬಹಳ. ಯಾಜ್ಞವಲ್ಕ್ಯನ ಕಾಲದಲ್ಲಿ ಕಳ್ಳರು ಒಯ್ದರೆ ಇಟ್ಟುಕೊಂಡವನು ಹೊಣೆಯಲ್ಲವೆಂದಿತ್ತಷ್ಟೆ. ಬ್ಯಾಂಕುಗಳೂ ಬಹುಕಾಲ ಹೆಚ್ಚುಕಡಮೆ ಅದೇ ವಾದವನ್ನು ಹಿಡಿದಿದ್ದವು. 2021ರ ಫೆಬ್ರವರಿಯಲ್ಲಿ ಅಮಿತಾಭ ದಾಸ್‌ಗುಪ್ತ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ದೇಶಿಸಿದ ಮೇಲೆ ರಿಸರ್ವ್ ಬ್ಯಾಂಕು ಹೊಸ ನಿಯಮಗಳನ್ನು ಮಾಡಿ 2022ರ ಜನವರಿ 1ರಿಂದ ಜಾರಿಗೆ ತಂದಿತು. ಬೆಂಕಿ, ಕಳವು, ದರೋಡೆ, ಕಟ್ಟಡದ ಕುಸಿತ, ನೌಕರರ ವಂಚನೆಗಳಿಂದ ಲಾಕರಿನ ವಸ್ತು ನಷ್ಟವಾದರೆ ಬ್ಯಾಂಕು ಕೊಡಬೇಕಾದುದು ವಾರ್ಷಿಕ ಬಾಡಿಗೆಯ ನೂರರಷ್ಟು. 2,000 ರೂಪಾಯಿ ಬಾಡಿಗೆಯ ಲಾಕರಿಗೆ 2 ಲಕ್ಷ, ಒಳಗೆ ಎಷ್ಟೇ ಇದ್ದಿರಲಿ. ಭೂಕಂಪ, ಪ್ರವಾಹ, ಸಿಡಿಲುಗಳಂಥ ದೈವಿಕ ವಿಪತ್ತುಗಳಿಗೆ ಈ ಹೊಣೆಯೂ ಇಲ್ಲ. ಲಾಕರಿನೊಳಗಿನ ವಸ್ತುವಿಗೆ ಬ್ಯಾಂಕು ತಾನೇ ವಿಮೆಯನ್ನು ಮಾರುವಂತಿಲ್ಲ. ಬೇಕಾದವರು ವಿಮಾ ಕಂಪನಿಯಿಂದಲೇ ಮಾಡಿಸಿಕೊಳ್ಳಬೇಕು. ಲಾಕರು ಒಳ್ಳೆಯದೇ, ಆದರೆ ಅದನ್ನು ವಿಮೆಯೆಂದು ಎಣಿಸಬಾರದು. ಸೊಸೈಟಿಯಲ್ಲಿ ಅಡವಿಟ್ಟ ಒಡವೆಯ ವಿಷಯದಲ್ಲಿಯೂ, ಅದು ವಿಮೆಗೆ ಒಳಪಟ್ಟಿದೆಯೇ, ಯಾವ ಬೆಲೆಗೆ ಎಂಬುದನ್ನು ಸಾಲಪತ್ರದಲ್ಲಿಯೇ ಕೇಳಿ ಬರೆಸಿಕೊಳ್ಳಲು ಸಂಕೋಚ ಬೇಡ.

ಕಳವಾದ ದಿನ ಮಾಡಬೇಕಾದುದು ಹೆಚ್ಚಿಲ್ಲ, ಆದರೆ ಕ್ರಮ ತಪ್ಪಬಾರದು. ಮುರಿದ ಚಿಲಕವನ್ನೂ ಚೆಲ್ಲಾಡಿದ ಪೆಟಾರಿಯನ್ನೂ ಹಾಗೆಯೇ ಬಿಟ್ಟು ಠಾಣೆಗೆ ತಿಳಿಸಬೇಕು. ಅದೇ ದಿನ ಕಂಪನಿಗೂ ತಿಳಿಸಬೇಕು. ದೂರಿನಲ್ಲಿ ‘ಸುಮಾರು ಇಷ್ಟು ಚಿನ್ನ’ ಎಂದು ಬರೆಸದೆ ಒಡವೆ ಪುಸ್ತಕದಿಂದ ಒಂದೊಂದನ್ನೂ ತೂಕಸಹಿತ ಬರೆಸಬೇಕು, ಏಕೆಂದರೆ ದೂರಿಗೂ ಕ್ಲೇಮಿಗೂ ಅಂಕಿ ಹೊಂದದಿದ್ದರೆ ಅನುಮಾನವು ಅಲ್ಲಿಂದಲೇ ಆರಂಭವಾಗುತ್ತದೆ. ಮಾಲು ಪತ್ತೆಯಾಗದಿದ್ದರೆ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ ‘ಸಿ’ ರಿಪೋರ್ಟಿನ ಪ್ರತಿಯನ್ನು ಕಂಪನಿಗಳು ಕೇಳುವುದುಂಟು. ಅನ್ಯಾಯವಾಗಿ ತಿರಸ್ಕರಿಸಿದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಚಿಕ್ಕಮಗಳೂರಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬಹುದು: ಯುದ್ಧ, ಪರದಂಡಿನ ಆಕ್ರಮಣಗಳಿಂದಾದ ನಷ್ಟವನ್ನು ಇಂದಿನ ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುವುದರಿಂದ, 1791ರ ಶೃಂಗೇರಿಯಂಥ ಸೂರೆಗೆ ಅವುಗಳಲ್ಲಿ ಪರಿಹಾರ ಸಿಗುವಂತಿಲ್ಲ, ಅಂಥದಕ್ಕೆ ಇಂದಿಗೂ ಪ್ರಭುತ್ವವೇ ದಿಕ್ಕು.

ಪರಿಹಾರ ಬಂದ ಮೇಲೆ ಕಳ್ಳ ಸಿಕ್ಕಿಬಿದ್ದು ಒಡವೆ ದೊರೆಯುವುದೂ ಉಂಟು. ಬೆಲೆಯನ್ನು ಪೂರ್ಣವಾಗಿ ತೆತ್ತ ಕಂಪನಿಗೆ ಆ ಒಡವೆಯ ಮೇಲೆ ಹಕ್ಕು ಹುಟ್ಟಿರುತ್ತದೆ. ಪರಿಹಾರ ಪಡೆಯುವಾಗ ನಾವು ಸಹಿ ಮಾಡಿದ ಕಾಗದಗಳಲ್ಲಿ ಅದು ಬರೆದಿರುತ್ತದೆ. ಇನ್ನೂ ಪರಿಹಾರ ಬಂದಿಲ್ಲವಾದರೆ, ವಶಪಡಿಸಿಕೊಂಡ ಆಭರಣಗಳನ್ನು ವರ್ಷಗಟ್ಟಲೆ ಠಾಣೆಯಲ್ಲಿ ಕೊಳೆಹಾಕದೆ, ಪಂಚನಾಮೆ ಮಾಡಿ, ಚಿತ್ರ ತೆಗೆದು, ಮುಚ್ಚಳಿಕೆ ಬರೆಸಿಕೊಂಡು ಒಡೆಯರಿಗೆ ಬೇಗ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2002ರ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಮೊಕದ್ದಮೆಯಲ್ಲಿ ವಿಧಿಸಿದೆ. ಅಲ್ಲಿಯೂ ಗುರುತು ಹಿಡಿಯಲು ಬೇಕಾದುದು ಅದೇ ತೂಕ, ಅದೇ ಚಿತ್ರ. ಪರಿಹಾರ ಬಂದಾಗಿದ್ದರೆ ಕಂಪನಿಗೆ ತಿಳಿಸದೆ ನ್ಯಾಯಾಲಯದಿಂದ ಒಡವೆಯನ್ನು ಬಿಡಿಸಿಕೊಳ್ಳಬಾರದು. ಹಣವನ್ನು ಹಿಂದಿರುಗಿಸಿ ಒಡವೆಯನ್ನೇ ಪಡೆಯುವುದಕ್ಕೆ ಕಂಪನಿಯ ಒಪ್ಪಿಗೆ ಬೇಕು. ಅಜ್ಜಿಯ ಕಾಲದ ಸರ, ತಾಯಿಯ ತಾಳಿ ಮುಂತಾದ, ಪೇಟೆಯಲ್ಲಿ ಮತ್ತೆ ಸಿಗದ ಒಡವೆಗಳಿದ್ದವರು, ಮುಂದೆಂದಾದರೂ ಅವು ದೊರೆತರೆ ಹಣ ತೀರಿಸಿ ಹಿಂಪಡೆಯುವ ಇಚ್ಛೆಯುಂಟೆಂದು, ಪರಿಹಾರದ ಕಾಗದಕ್ಕೆ ಸಹಿ ಹಾಕುವ ಮೊದಲೇ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿಟ್ಟಿರುವುದು ಒಳ್ಳೆಯದು.